ಎಣಿಕೆ ಮುಗಿಸಿ ಫೋನ್ ಆನ್ ಮಾಡಿದಾಗ

2024ರ ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ಜೂನ್ 4ರ ಸಂಜೆ ಐದೂಕಾಲಿಗೆ ನನ್ನ ಫೋನು ನನ್ನ ಕೈಗೆ ವಾಪಸ್ ಬಂತು. ಬೆಳಿಗ್ಗೆ ಕತ್ತಲೆಯಲ್ಲೇ ಅದನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಹೊರಗಿನ ಕೌಂಟರಿನಲ್ಲಿ ಕೊಟ್ಟು, ಟೋಕನ್ ತಗೊಂಡು ಒಳಗೆ ಹೋಗಿದ್ದೆ. ಮತ ಎಣಿಕೆಯ ಹಾಲಿಗೆ ಮೊಬೈಲ್ ಒಯ್ಯುವ ಹಾಗಿಲ್ಲ. ಆ ಹನ್ನೆರಡು ಗಂಟೆ ದೇಶದಲ್ಲಿ ಏನಾಗುತ್ತಿದೆ ಎಂದು ಹಾಲು ಹಾಕುವ ಹುಡುಗನಿಗೂ ಗೊತ್ತಿತ್ತು. ಕೂತು ಎಣಿಸುತ್ತಿದ್ದ ನಮಗೆ ಮಾತ್ರ ಗೊತ್ತಿರಲಿಲ್ಲ.

ಆನ್ ಮಾಡಿದೆ. ಫೋನು ಒಂದು ನಿಮಿಷ ನಡುಗುತ್ತಲೇ ಇತ್ತು. ಮನೆ ಗ್ರೂಪಿನಲ್ಲಿ 317 ಮೆಸೇಜು. ಮಾಮೂಲಿ ದಿನ ಅಲ್ಲಿ ಬರುವುದು ಆರೋ ಏಳೋ. ಒಂದು ಶುಭೋದಯ, ಒಂದು ದೇವರ ಫೋಟೊ, ಅಮ್ಮನ ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆ. ಎಲ್ಲಕ್ಕಿಂತ ಕೆಳಗಿದ್ದದ್ದು ಮೆಸೇಜೂ ಅಲ್ಲ, ಬೂದು ಬಣ್ಣದ ಸಣ್ಣ ಅಕ್ಷರದ ಒಂದು ಸಾಲು: ಹರಿಹರದ ಚಿಕ್ಕಪ್ಪ ಗ್ರೂಪ್ ಬಿಟ್ಟು ಹೋಗಿದ್ದರು.

ತೋಳಹುಣಸೆಯಿಂದ ದಾವಣಗೆರೆ ಪೇಟೆಗೆ ಬಸ್ಸು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಬೆಳಿಗ್ಗೆಯಿಂದ ಏನೇನಾಯಿತು ಎಂದು ಮೇಲಿನಿಂದ ಓದಿಕೊಂಡು ಬಂದೆ. ಒಂದು ಇಡೀ ದಿನದ ಸಂತೋಷ, ಗಾಬರಿ, ಸಿಟ್ಟು, ಎಲ್ಲವನ್ನೂ ಅರ್ಧ ಗಂಟೆಯಲ್ಲಿ, ಅದೂ ಎಲ್ಲ ಮುಗಿದ ಮೇಲೆ. ಅವತ್ತಿನಿಂದ ಅದು ತಲೆಯಲ್ಲಿ ಕೊರೆಯುತ್ತಲೇ ಇದೆ. ಅದಕ್ಕೇ ಈ ಬರಹ.

ಮೊದಲು ಎಣಿಕೆ ಹಾಲ್‌ನ ಒಳಗಿನ ಸಂಗತಿ ಹೇಳಿಬಿಡುತ್ತೇನೆ. ಹೊರಗಿನವರು ಅಲ್ಲಿ ಏನೋ ಭಾರಿ ನಾಟಕ ನಡೆಯುತ್ತದೆ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು. ಚುನಾವಣೆ ಬಂತೆಂದರೆ ನಮ್ಮಂಥವರಿಗೆಲ್ಲ ಡ್ಯೂಟಿ. ಯಾವ ಟೇಬಲ್ಲಿಗೆ ಯಾರು ಎಂಬುದು ಎಣಿಕೆಯ ದಿನ ಬೆಳಗಿನ ಜಾವವೇ ಗೊತ್ತಾಗುವುದು. ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಒಂದೊಂದು ಹಾಲ್. ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಅಂಥವು ಎಂಟು: ಜಗಳೂರು, ಹರಪನಹಳ್ಳಿ, ಹರಿಹರ, ದಾವಣಗೆರೆ ಉತ್ತರ, ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಹಾಲಿನಲ್ಲಿ ಸಾಲಾಗಿ ಟೇಬಲ್ಲು, ಟೇಬಲ್ಲಿಗೊಬ್ಬ ಮೇಲ್ವಿಚಾರಕರು, ಒಬ್ಬ ಸಹಾಯಕರು, ಒಬ್ಬ ವೀಕ್ಷಕರು. ನಮ್ಮ ಎದುರಿಗೆ ತಂತಿಜಾಲರಿ. ಅದರಾಚೆ ಪಕ್ಷಗಳ ಏಜೆಂಟರು.

ಬೆಳಿಗ್ಗೆ ಎಂಟಕ್ಕೆ ಅಂಚೆ ಮತ. ಅರ್ಧ ಗಂಟೆ ಬಿಟ್ಟು ಯಂತ್ರಗಳು ಬರತೊಡಗುತ್ತವೆ. ಪೆಟ್ಟಿಗೆಯಿಂದ ತೆಗೆಯುವುದು, ನಂಬರು ನೋಡುವುದು, ಸೀಲು ನೋಡುವುದು, ಜಾಲರಿಯಾಚೆ ಎತ್ತಿ ತೋರಿಸುವುದು. ಆಮೇಲೆ ರಿಸಲ್ಟ್ ಗುಂಡಿ ಒತ್ತಿದರೆ ಒಂದು ಬೀಪ್. ಸಣ್ಣ ಕಿಟಕಿಯಲ್ಲಿ ಒಂದೊಂದೇ ಸಂಖ್ಯೆ ಬರುತ್ತದೆ. ಒಂದನೇ ಅಭ್ಯರ್ಥಿ ಇಷ್ಟು, ಎರಡನೆಯವರು ಇಷ್ಟು. ಮತದಾನದ ದಿನ ಬರೆದ 17ಸಿ ಫಾರಂನ ಲೆಕ್ಕಕ್ಕೆ ಒಟ್ಟು ಸರಿಯಾಗಬೇಕು. ಸರಿಯಾದರೆ ಬರೆದುಕೊಂಡು, ಏಜೆಂಟರ ಸಹಿ ಹಾಕಿಸಿ, ಮುಂದಿನ ಯಂತ್ರ. ಬ್ಯಾಂಕಿನಲ್ಲಿ ಕೂತು ಚೀಟಿ ಬರೆದ ಹಾಗೇ. ಸೊಂಟ ಹಿಡಿದುಕೊಳ್ಳುತ್ತದೆ. ಹತ್ತು ಗಂಟೆಗೆ ಕೊಟ್ಟ ಉಪ್ಪಿಟ್ಟು ತಣ್ಣಗಾಗಿರುತ್ತದೆ.

ನಮ್ಮ ಟೇಬಲ್ಲಿನ ಎದುರು ಇಬ್ಬರು ಏಜೆಂಟರು ಅಕ್ಕಪಕ್ಕ ಕೂತಿದ್ದರು. ಒಬ್ಬರಿಗೆ ಅರವತ್ತು ದಾಟಿತ್ತು, ಇನ್ನೊಬ್ಬ ಹುಡುಗ. ಒಂದು ಪಕ್ಷದವರು ಅವರು, ಎದುರು ಪಕ್ಷದವನು ಇವನು. ಹಿರಿಯರು ಕನ್ನಡಕ ಮರೆತು ಬಂದಿದ್ದರು. ಮೊದಲ ಯಂತ್ರಕ್ಕೆ ಜಾಲರಿಗೆ ಹಣೆ ಒತ್ತಿ ನೋಡಿದರು, ಕಾಣಲಿಲ್ಲ. ಎರಡನೆಯದಕ್ಕೆ ಹುಡುಗನೇ ಓದಿದ. "ಯಜಮಾನ್ರೇ ಬರ್ಕಳ್ರಿ, ನಿಮ್ದು ಇಷ್ಟು, ನಮ್ದು ಇಷ್ಟು." ಅವರು ಬರೆದುಕೊಂಡರು. ಆಮೇಲೆ ಕೊನೆಯ ಸುತ್ತಿನ ತನಕ ಹಾಗೇ ನಡೆಯಿತು. ತನ್ನ ಪಕ್ಷ ಕುಸಿದ ಮತಗಟ್ಟೆ ಬಂದಾಗಲೂ ಹುಡುಗ ದನಿ ಬದಲಿಸದೆ ಓದಿದ. ಅವರು ಒಮ್ಮೆಯೂ ನನ್ನ ಕಡೆ ತಿರುಗಿ "ಹೌದಾ ಮೇಡಂ" ಎಂದು ಕೇಳಲಿಲ್ಲ. ನಡುನಡುವೆ ಕೂಡುವ ಲೆಕ್ಕದಲ್ಲಿ ಹುಡುಗ ತಪ್ಪಿದ, ಅವರು ಬಾಯಿಲೆಕ್ಕದಲ್ಲೇ ತಿದ್ದಿದರು. ಒಂದೇ ಪೆನ್ನು ಇಬ್ಬರಿಗೂ.

ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂದು ನಾನು ಹೇಳಲು ಹೋಗುವುದಿಲ್ಲ. ಒಂದು ಮಾತು ಹೇಳಬಹುದು. ಅವತ್ತು ನನ್ನ ಮುಂದೆ ಬಂದ ಯಾವ ಯಂತ್ರದಲ್ಲೂ ಎರಡು ದೊಡ್ಡ ಪಕ್ಷಗಳಲ್ಲಿ ಒಂದಕ್ಕೆ ಸೊನ್ನೆ ಇರಲಿಲ್ಲ. "ಆ ಊರು ಪೂರ್ತಿ ಅವರದ್ದು" ಎಂದು ನಾವು ಕಟ್ಟೆಯ ಮೇಲೆ ಕೂತು ಹೇಳುತ್ತೇವಲ್ಲ, ಆ ಊರಿನ ಯಂತ್ರದಲ್ಲೂ ಇವರಿಗೆ ಒತ್ತಿದವರಿದ್ದರು. ಊರಿಗೆ ಊರೇ ಒಂದು ಕಡೆ ಇದ್ದಾಗ ಆ ಕೆಲವರು ಯಾರಿರಬಹುದು ಎಂದು ಒಂದು ಕ್ಷಣ ಯೋಚನೆ ಬರುತ್ತದೆ. ಅಷ್ಟರಲ್ಲಿ ಮುಂದಿನ ಪೆಟ್ಟಿಗೆ.

ಸರಿ, ಬಸ್ಸಿಗೆ ಬರೋಣ.

ಮೊದಲ ಮೆಸೇಜು ಬೆಳಿಗ್ಗೆ 6.40ಕ್ಕೆ, ಚಿಕ್ಕಪ್ಪನದ್ದು. ದೀಪ, ಕಮಲದ ಹೂವು, "ಇಂದು ಇತಿಹಾಸ" ಎಂಬ ಸಾಲು. ಚಿಕ್ಕಪ್ಪನ ಮಗ ಇರುವುದು ನ್ಯೂಜೆರ್ಸಿಯಲ್ಲಿ. ನಮಗೆ ಬೆಳಿಗ್ಗೆ ಎಂಟು ಗಂಟೆಯೆಂದರೆ ಅವನಿಗೆ ಹಿಂದಿನ ರಾತ್ರಿ ಹತ್ತೂವರೆ. ಗೆಳೆಯರನ್ನೆಲ್ಲ ಮನೆಗೆ ಕರೆದು ಟೀವಿ ಮುಂದೆ ಕೂರಿಸಿದ್ದ. ಟೇಬಲ್ಲಿನ ಮೇಲೆ ಜಿಲೇಬಿ, ಪಕ್ಕದಲ್ಲಿ ಬಾವುಟ. ಆ ಫೋಟೊ ಗ್ರೂಪಿಗೆ ಬಂದದ್ದು 8.05ಕ್ಕೆ. ಒಂಬತ್ತೂವರೆ ತನಕ ಅವನದ್ದೇ ಕಾರುಬಾರು. ಹತ್ತರ ಹೊತ್ತಿಗೆ ಉತ್ತರ ಪ್ರದೇಶದಲ್ಲಿ ಬಿಜೆಪಿ ಸೀಟು ಕಳೆದುಕೊಳ್ಳುತ್ತಿರುವ ಸುದ್ದಿ ಬರತೊಡಗಿತು. ಅಲ್ಲಿಂದ ಅವನ ಮೆಸೇಜು ಕಡಿಮೆಯಾಗುತ್ತ ಹೋದವು. ಕೊನೆಯದು, "ಇನ್ನೂ ರೌಂಡ್ಸ್ ಇವೆ". ಆಮೇಲೆ ಮಲಗಿಬಿಟ್ಟನೋ ಏನೋ.

ಅವನು ನಿಲ್ಲಿಸಿದ ಕಡೆಯಿಂದ ಬೆಂಗಳೂರಿನ ನನ್ನ ತಮ್ಮ ಶುರು. ಎರಡು ತಿಂಗಳಿಂದ ಗ್ರೂಪಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವನು. ಈ ಸಲ 400 ಸೀಟು ದಾಟುತ್ತೇವೆ ಎಂಬ ಬಿಜೆಪಿ ಘೋಷಣೆಯನ್ನು ಹಿಡಿದು, "400 ದಾಟಿತಾ ಚಿಕ್ಕಪ್ಪ?" ಎಂದು ಒಂದು. ಅದರ ಹಿಂದೆ ಒಂದು ಕೋತಿ ಸ್ಟಿಕ್ಕರು. ಅದರ ಹಿಂದೆ ಇನ್ನೊಂದು. ನಲವತ್ತೊಂದು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ತನ್ನನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟ ಚಿಕ್ಕಪ್ಪನಿಗೆ ಕೋತಿ ಕಳಿಸುತ್ತಿದ್ದ. ಓದುತ್ತ ನನಗೆ ನಾಚಿಕೆಯಾಯಿತು. ನಗುವೂ ಬಂತು, ಸುಳ್ಳು ಯಾಕೆ ಹೇಳಲಿ.

ಮಜಾ ನೋಡಿ. ಕೊನೆಗೆ ಸರ್ಕಾರ ಯಾರದ್ದಾಯಿತು? ಚಿಕ್ಕಪ್ಪನ ಕಡೆಯದ್ದೇ. ಬಿಜೆಪಿಯ ಮೈತ್ರಿಕೂಟ ಎನ್‌ಡಿಎಗೆ 293 ಸೀಟು, ಬೇಕಿದ್ದದ್ದು 272. ತಮ್ಮನ ಕಡೆಯ ಮೈತ್ರಿಕೂಟಕ್ಕೆ 234, ಅದರಲ್ಲಿ ಕಾಂಗ್ರೆಸ್ಸಿನದ್ದು 99. ಆದರೆ ಪಟಾಕಿ ಹೊಡೆದವನು ತಮ್ಮ, ಊಟ ಬಿಟ್ಟವರು ಚಿಕ್ಕಪ್ಪ. ನಮ್ಮ ದಾವಣಗೆರೆಯಲ್ಲಂತೂ ಇನ್ನೂ ಒಂದು ಗಂಟು ಜಾಸ್ತಿ. 2004ರಿಂದ ಸತತವಾಗಿ ಬಿಜೆಪಿ ಗೆದ್ದುಕೊಂಡು ಬಂದ ಕ್ಷೇತ್ರವಿದು. ಈ ಸಲ ಎರಡೂ ದೊಡ್ಡ ಪಕ್ಷಗಳಿಂದ ಹೆಂಗಸರೇ ನಿಂತಿದ್ದರು. ಹೆಣ್ಣುಮಕ್ಕಳು ಅಡುಗೆಮನೆಗೇ ಸರಿ ಎಂಬರ್ಥದ ಮಾತೊಂದು ಪ್ರಚಾರದಲ್ಲಿ ಬಂದು ದೊಡ್ಡ ಗಲಾಟೆಯೂ ಆಗಿತ್ತು. ಯಾರು ಗೆದ್ದರೂ ಹೆಂಗಸೇ ಗೆಲ್ಲುತ್ತಾಳೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಾವು ನಕ್ಕಿದ್ದೆವು. ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗಾಯತ್ರಿ ಸಿದ್ದೇಶ್ವರ ಅವರನ್ನು ಸೋಲಿಸಿದರು. ಪಕ್ಷೇತರರಾಗಿ ನಿಂತ ಒಬ್ಬರಿಗೆ ಅದಕ್ಕಿಂತ ಜಾಸ್ತಿ ಮತ ಬಿದ್ದಿತ್ತು. ಹಾಗಾಗಿ ಬಿಜೆಪಿಯವರಿಗೆ ದೆಹಲಿ ಸಿಕ್ಕಿ ಊರು ಹೋಯಿತು, ಕಾಂಗ್ರೆಸ್ಸಿನವರಿಗೆ ಊರು ಸಿಕ್ಕಿ ದೆಹಲಿ ಹೋಯಿತು. ಬಸ್ಸಿಳಿದು ನಡೆದು ಬರುವಾಗ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಿಂತವರ ಮುಖ ನೋಡಿದೆ. ಯಾರು ಗೆದ್ದವರು, ಯಾರು ಸೋತವರು ಎಂದು ಒಂದೂ ಗೊತ್ತಾಗಲಿಲ್ಲ.

ನನಗನ್ನಿಸುವುದು ಇಷ್ಟು. ಅವತ್ತು ಯಾರೂ ಫಲಿತಾಂಶಕ್ಕೆ ಅಳಲಿಲ್ಲ, ನಗಲಿಲ್ಲ. ಜೂನ್ 1ರ ಸಂಜೆ ಎಕ್ಸಿಟ್ ಪೋಲಿನವರು ಕೊಟ್ಟಿದ್ದರಲ್ಲ ಒಂದು ನಂಬರು, ಅದಕ್ಕೆ ಅತ್ತರು, ಅದಕ್ಕೆ ನಕ್ಕರು. ಬಹಳಷ್ಟು ಸಮೀಕ್ಷೆಗಳು 350ರ ಮೇಲೆ ಹೇಳಿದ್ದವು, 400ರ ತನಕ ಹೋದವರೂ ಇದ್ದರು. ಹೋಳಿಗೆ ಊಟ ಎಂದು ಕರೆದು ಪಾಯಸ ಬಡಿಸಿದರೆ ಪಾಯಸವೂ ಕಹಿಯಾಗುತ್ತದೆ. ಗಂಜಿ ಎಂದು ಹೇಳಿ ಅದೇ ಪಾಯಸ ಕೊಟ್ಟರೆ ಬಟ್ಟಲು ನೆಕ್ಕುತ್ತೇವೆ. ಸಮೀಕ್ಷೆ ಮಾಡಿದವರೊಬ್ಬರು ಟೀವಿಯಲ್ಲೇ ಕಣ್ಣೀರು ಹಾಕಿದರಂತೆ, ಆ ತುಣುಕೂ ಗ್ರೂಪಿನಲ್ಲಿತ್ತು. ಷೇರುಪೇಟೆಯ ಕಥೆಯೂ ಅದೇ. ಜೂನ್ 3ಕ್ಕೆ ಸೆನ್ಸೆಕ್ಸ್ 2,500 ಅಂಶ ಏರಿತ್ತು, 4ಕ್ಕೆ 4,000ಕ್ಕೂ ಜಾಸ್ತಿ ಬಿತ್ತು. ನನ್ನ ತಮ್ಮ ಇದ್ದಾನಲ್ಲ, ಕೋತಿ ಸ್ಟಿಕ್ಕರಿನವನು, ಎಕ್ಸಿಟ್ ಪೋಲನ್ನು ಮನಸ್ಸಿನಲ್ಲಿ ಬೈಯುತ್ತಲೇ ಅದನ್ನು ನಂಬಿ 3ನೇ ತಾರೀಖು ಷೇರು ಕೊಂಡಿದ್ದ! 4ರಂದು ಅಷ್ಟು ಕುಣಿದಾಡಿದ್ದು ಕೈಯಿಂದ ದುಡ್ಡು ಕೊಟ್ಟು. ಇದನ್ನು ಅವನು ಹೇಳಲಿಲ್ಲ, ಅವನ ಹೆಂಡತಿ ಹೇಳಿದಳು.

ಇನ್ನೂ ಒಂದು ಲೆಕ್ಕ ಇದೆ. 2019ರಲ್ಲಿ ಬಿಜೆಪಿಗೆ ದೇಶದಲ್ಲಿ ಬಿದ್ದ ಮತ ನೂರಕ್ಕೆ ಸುಮಾರು 37. ಈ ಸಲ ಸುಮಾರು 36.6. ಕಡಿಮೆಯಾದದ್ದು ನೂರಕ್ಕೆ ಒಂದೂ ಇಲ್ಲ. ಸೀಟು ಮಾತ್ರ 303ರಿಂದ 240ಕ್ಕೆ ಇಳಿಯಿತು. ಅಂದರೆ ನಿಮ್ಮ ಬೀದಿಯಲ್ಲಿ ಹೋದ ಸಲ ಯಾರು ಯಾವ ಕಡೆ ಇದ್ದರೋ ಹೆಚ್ಚುಕಡಿಮೆ ಅವರೇ ಆ ಕಡೆ ಇದ್ದಾರೆ. ಅಲ್ಲೊಂದು ಇಲ್ಲೊಂದು ಮನೆ ಆಚೀಚೆ ಆಗಿರಬಹುದು. ಆದರೆ ಟೀವಿ ನೋಡಿದರೆ ದೇಶವೇ ರಾತ್ರೋರಾತ್ರಿ ಮಗ್ಗುಲು ಬದಲಿಸಿದ ಹಾಗಿತ್ತು. ಕರ್ನಾಟಕದಲ್ಲಂತೂ ಬಿಜೆಪಿಗೆ ನೂರಕ್ಕೆ 46, ಕಾಂಗ್ರೆಸ್ಸಿಗೆ 45. ಸೀಟು ನೋಡಿದರೆ 17 ಮತ್ತು 9, ಜೊತೆಗೆ ಬಿಜೆಪಿಯ ಮಿತ್ರಪಕ್ಷ ಜೆಡಿಎಸ್ಸಿಗೆ ಎರಡು. ಸೀಟು ಎಣಿಸಿದರೆ ಒಂದು ರಾಜ್ಯ ಕಾಣುತ್ತದೆ, ಮತ ಎಣಿಸಿದರೆ ಬೇರೊಂದು. ನಾನು ಮತ ಎಣಿಸಿ ಬಂದವಳು. ಅದಕ್ಕೇ ಗ್ರೂಪಿನ ಮಾತುಗಳು ನನಗೆ ಯಾವುದೋ ಬೇರೆ ಚುನಾವಣೆಯದ್ದು ಅನ್ನಿಸಿದವು.

ಮಧ್ಯಾಹ್ನದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಅಯೋಧ್ಯೆ. ಜನವರಿ 22ರಂದು ಮಂದಿರದಲ್ಲಿ ಪ್ರತಿಷ್ಠೆ ಆಗಿತ್ತು. ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರದಲ್ಲಿ ಸಮಾಜವಾದಿ ಪಕ್ಷದ ಅವಧೇಶ್ ಪ್ರಸಾದ್ 54,567 ಮತಗಳಿಂದ ಗೆದ್ದರು. ಅಷ್ಟೇ ತಡ. ಅಲ್ಲಿನವರನ್ನು ಕೃತಘ್ನರು ಎಂದು ಬೈಯುವ ಫಾರ್ವರ್ಡುಗಳು, ಅಲ್ಲಿಗೆ ಹೋದರೂ ಅಂಗಡಿಯಲ್ಲಿ ಒಂದು ಹೂವಿನ ಹಾರವನ್ನೂ ಕೊಳ್ಳಬೇಡಿ ಎನ್ನುವ ಕರೆಗಳು. ಒಂದನ್ನು ಚಿಕ್ಕಪ್ಪನೂ ಕಳಿಸಿದ್ದರು. ಎಣಿಕೆಯ ಕೆಲಸ ಮಾಡಿದ್ದಕ್ಕೋ ಏನೋ, ನಾನು ಆಮೇಲೆ ಒಂದು ದಿನ ಕೂತು ಆ ಕ್ಷೇತ್ರದ ಅಂಕಿ ನೋಡಿದೆ. ಫೈಜಾಬಾದಿನಲ್ಲಿ ಐದು ವಿಧಾನಸಭಾ ಕ್ಷೇತ್ರ. ಅಯೋಧ್ಯೆ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಯೇ ಸ್ವಲ್ಪ ಮುಂದಿತ್ತು. ಬೈಗುಳ ತಿಂದ ಹೂವಿನವರು, ಪೇಡದವರು ಇರುವ ಊರದು. ಇದನ್ನು ಚಿಕ್ಕಪ್ಪನಿಗೆ ಹೇಳಬೇಕೆಂದುಕೊಂಡೆ. ಹೇಳಿದರೆ ಏನಾಗುತ್ತಿತ್ತು? ಬೈಗುಳ ಪಕ್ಕದ ತಾಲೂಕಿಗೆ ಹೋಗುತ್ತಿತ್ತು, ಅಷ್ಟೇ.

ಆ ಕಡೆಯವರನ್ನು ಮಾತ್ರ ಹೇಳಿದರೆ ತಪ್ಪಾಗುತ್ತದೆ. ನನ್ನ ತಮ್ಮ ಮತ್ತು ಅವನ ಸ್ನೇಹಿತರು ವರ್ಷಗಟ್ಟಲೆ ಹೇಳಿಕೊಂಡು ಬಂದದ್ದು ಒಂದೇ, ಯಂತ್ರ ಸರಿಯಿಲ್ಲ. "ಅಕ್ಕಾ, ನೀನು ಸುಮ್ನೆ ಗುಂಡಿ ಒತ್ತುತ್ತೀಯ, ಒಳಗೆ ಏನಾಗಿದೆ ನಿನಗೇನು ಗೊತ್ತು" ಎಂದು ಯುಗಾದಿಗೆ ಬಂದಾಗಲೂ ಹೇಳಿದ್ದ. ನನಗೆ ಅದು ಚುಚ್ಚುತ್ತದೆ. ಮತದಾನದ ದಿನ ಬೆಳಗಿನ ಜಾವ ಎದ್ದು, ಏಜೆಂಟರ ಮುಂದೆ ಐವತ್ತು ಅಣಕು ಮತ ಹಾಕಿಸಿ, ಎಣಿಸಿ ತೋರಿಸಿ, ಅಳಿಸಿ, ಸೀಲು ಮಾಡಿ, ಸಹಿ ತಗೊಂಡವಳು ನಾನು. ಎಣಿಕೆಯ ಕೊನೆಗೆ ಚೀಟಿ ಎತ್ತಿ ಐದು ಮತಗಟ್ಟೆಯ ವಿವಿಪ್ಯಾಟ್ ಚೀಟಿಗಳನ್ನು (ಗುಂಡಿ ಒತ್ತಿದಾಗ ಯಾರಿಗೆ ಓಟು ಬಿತ್ತು ಎಂದು ಪಕ್ಕದ ಯಂತ್ರ ಅಚ್ಚು ಹಾಕುವ ಚೀಟಿ) ಬಸ್ ಟಿಕೆಟ್ ವಿಂಗಡಿಸಿದ ಹಾಗೆ ಒಂದೊಂದಾಗಿ ವಿಂಗಡಿಸಿ ತಾಳೆ ನೋಡುತ್ತಾರೆ. ಪ್ರಶ್ನೆ ಕೇಳಬೇಡಿ ಎಂದು ನಾನು ಹೇಳುವುದಿಲ್ಲ, ಕೇಳಲಿ. ಆದರೆ ಜೂನ್ 4ರ 317 ಮೆಸೇಜಿನಲ್ಲಿ ತಮ್ಮ ಯಂತ್ರದ ಸುದ್ದಿಯನ್ನೇ ಎತ್ತಿರಲಿಲ್ಲ. ಬೆಳಿಗ್ಗೆ ತನಕ ಕೆಟ್ಟಿದ್ದ ಯಂತ್ರ ಹತ್ತು ಗಂಟೆಗೆ ರಿಪೇರಿಯಾಗಿತ್ತು.

ಚಿಕ್ಕಪ್ಪ ಗ್ರೂಪ್ ಬಿಟ್ಟದ್ದು ಕೋತಿಗಲ್ಲ. 4.12ಕ್ಕೆ ತಮ್ಮ ಒಂದು ಮಾತು ಬರೆದಿದ್ದ. "ನಿಮ್ಮಂಥವರಿಂದಲೇ ದೇಶ ಹೀಗಾಗಿದ್ದು." ಅದಕ್ಕೆ ಮೊದಲು ಚಿಕ್ಕಪ್ಪ, "ನಿಮ್ಮಂಥವರು ಪಾಕಿಸ್ತಾನಕ್ಕೆ" ಎಂದೇನೋ ಅರ್ಧ ಬರೆದು ಅಳಿಸಿದ್ದರು. ಅಳಿಸಿದ್ದನ್ನು ಅತ್ತಿಗೆ ನೋಡಿದ್ದಳಂತೆ. "ನಿಮ್ಮಂಥವರು" ಎಂಬ ಮಾತು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಯಾರಿಗೂ ಆಡಿರಲಿಲ್ಲ. ಬೈಗುಳ ಬೇಕಾದಷ್ಟು ಇತ್ತು. ಕತ್ತೆ, ದಂಡಪಿಂಡ, ಎಲ್ಲವೂ ಇತ್ತು. ಅವೆಲ್ಲ ಒಬ್ಬೊಬ್ಬರಿಗೆ ಬೈದದ್ದು. "ನಿಮ್ಮಂಥವರು" ಎಂದಾಗ ಎದುರಿಗಿರುವುದು ಚಿಕ್ಕಪ್ಪ ಅಲ್ಲವೇ ಅಲ್ಲ, ಯಾವುದೋ ಗುಂಪು.

ನನಗೆ ಬೇರೆಯಾಗಿಯೂ ಎರಡು ಮೆಸೇಜು ಬಂದಿದ್ದವು. ತಮ್ಮನದ್ದು: "ಅಕ್ಕಾ, ಯಾಕೆ ಸುಮ್ನಿದ್ದೀಯ, ಬೇಜಾರಾಯ್ತಾ?" ನ್ಯೂಜೆರ್ಸಿಯವನದ್ದು: "ಅಕ್ಕಾ, ಸುಮ್ನಿದ್ದೀಯ ಅಂದ್ರೆ ಒಳಗೊಳಗೇ ಖುಷಿ ಅಲ್ವಾ?" ಪುಣ್ಯಾತ್ಮರೇ, ನನ್ನ ಹತ್ತಿರ ಫೋನೇ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪಾಜಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಆಗ 74. "ನಿಮ್ಮ ಕಾಲದಲ್ಲಿ ಹಿಂಗಿರಲಿಲ್ಲ ಅಲ್ವಾ ಅಪ್ಪಾಜಿ" ಎಂದೆ. ಇಂಥ ಮಾತಿಗೆ ಹಿರಿಯರು ಹೌದು ಅನ್ನಬೇಕು. ಅಪ್ಪಾಜಿ ನಕ್ಕರು.

1977ರಲ್ಲಿ ಅವರಿಗೆ 27. ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತೆ. ತುರ್ತು ಪರಿಸ್ಥಿತಿಯ ಸಿಟ್ಟಿನಲ್ಲಿ ಜನತಾ ಪಕ್ಷಕ್ಕೆ ಓಡಾಡಿದ್ದರು. ದೊಡ್ಡಪ್ಪ, ಅಂದರೆ ಅಪ್ಪಾಜಿಯ ಅಣ್ಣ, ಇಂದಿರಮ್ಮನ ಭಕ್ತರು. ಒಂದೇ ಮನೆ, ಒಂದೇ ಒಲೆ. ರೇಡಿಯೊ ದೊಡ್ಡಪ್ಪನದ್ದು. ಎಣಿಕೆ ಆಗ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ, ಕಾಗದದ ಮತಪತ್ರ ಅಲ್ವಾ. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ರಾಜ್‌ನಾರಾಯಣ್ ಎದುರು 55,202 ಮತಗಳಿಂದ ಸೋತ ಸುದ್ದಿ ಬಂದಾಗ ದೊಡ್ಡಪ್ಪ ರೇಡಿಯೊ ಆಫ್ ಮಾಡಿ ಅದರ ಮೇಲೆ ಟವೆಲ್ ಹೊದಿಸಿದರಂತೆ. ಉತ್ತರ ಪ್ರದೇಶದ 85ರಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ಕರ್ನಾಟಕದಲ್ಲಿ ನೋಡಿದರೆ 28ರಲ್ಲಿ 26 ಕಾಂಗ್ರೆಸ್ಸಿಗೇ. ಅಪ್ಪಾಜಿಗೆ ದೆಹಲಿ ಸಿಕ್ಕಿತ್ತು, ಆದರೆ ಕುಣಿಯೋಣ ಎಂದರೆ ಊರಲ್ಲಿ ಜೊತೆಗೆ ಜನವಿಲ್ಲ. ದೊಡ್ಡಪ್ಪನ ಜೊತೆ ಇಡೀ ಊರಿತ್ತು, ಆದರೆ ಅವರಿಗೆ ಬೇಕಾದವರು ದೆಹಲಿಯಲ್ಲಿ ಸೋತಿದ್ದರು.

"ಆಮೇಲೆ?"

"ಆಮೇಲೇನು, ಮಾತು ಬಿಟ್ಟ."

"ಎಷ್ಟು ದಿನ?"

"ದಿನ ಎಲ್ಲಿ ಬಂತು. ಒಂದೂವರೆ ವರ್ಷ ದಾಟಿತು."

ಒಂದೇ ಮನೆಯಲ್ಲಿ, ಇಪ್ಪತ್ತು ತಿಂಗಳು. "ಅವನಿಗೆ ಹೇಳು, ಸ್ನಾನಕ್ಕೆ ನೀರು ಕಾದೈತೆ" ಎಂದು ಅಣ್ಣ ಅವ್ವನಿಗೆ ಹೇಳುವುದು, ಎರಡು ಅಡಿ ದೂರದಲ್ಲಿ ನಿಂತ ತಮ್ಮನಿಗೆ ಅವ್ವ ಹೇಳುವುದು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಉಪಚುನಾವಣೆ ಬಂತು. ವೀರೇಂದ್ರ ಪಾಟೀಲರನ್ನು 70,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ವಾಪಸಾದರು. ಅವತ್ತು ಸಂಜೆ ದೊಡ್ಡಪ್ಪ ಕಾಲು ಕೇಜಿ ಪೇಡ ತಂದು, ಪೊಟ್ಟಣ ಬಿಚ್ಚಿ, ಊಟಕ್ಕೆ ಕೂತಿದ್ದ ಅಪ್ಪಾಜಿಯ ತಟ್ಟೆಗೆ ಒಂದು ಹಾಕಿದರಂತೆ. "ತಿನ್ನು" ಎಂದರಂತೆ. ಇಪ್ಪತ್ತು ತಿಂಗಳ ಮೇಲೆ ಆಡಿದ ಮೊದಲ ಮಾತು.

"ತಿಂದ್ರಾ?"

"ತಿನ್ನದೆ? ಪೇಡ ಏನು ಮಾಡಿತ್ತು?"

ಅಮ್ಮ ಇದನ್ನೆಲ್ಲ ಕೇಳುತ್ತ ಮಜ್ಜಿಗೆ ಬಡಿಸುತ್ತಿದ್ದಳು. ಅಪ್ಪಾಜಿ ಕೈ ತೊಳೆಯಲು ಏಳುತ್ತ, "ಏನೇ ಆಗಲಿ, ನಮ್ಮನೆ ಎರಡು ಓಟು ದಂಡ ಆಗಲಿಲ್ಲ ಬಿಡು" ಎಂದರು. ಎರಡು ಎಂದದ್ದು ತಮ್ಮದು, ಅಮ್ಮನದು. ನಲವತ್ತೈದು ವರ್ಷದಿಂದ ಅವರ ಲೆಕ್ಕದಲ್ಲಿ ಅದು ಎರಡೇ. ಅಮ್ಮ ಏನೂ ಹೇಳಲಿಲ್ಲ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಆಗ ನನಗೆ ಮೇ 7 ನೆನಪಾಯಿತು. ಅವತ್ತು ನನಗೆ ಮತದಾನದ ಡ್ಯೂಟಿ ಬಿದ್ದದ್ದು ಜಗಳೂರು ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ. ಬಿಸಿಲೆಂದರೆ ಬಿಸಿಲು, ಶಾಲೆಯ ತಗಡಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಒಬ್ಬ ಅಜ್ಜ ಅಜ್ಜಿಯನ್ನು ಕರೆದುಕೊಂಡು ಬಂದ. ತನ್ನ ಓಟು ಹಾಕಿದ. ಆಮೇಲೆ, "ಇವಳಿಗೆ ಕಣ್ಣು ಕಾಣಲ್ಲ ಮೇಡಂ, ನಾನೇ ಒತ್ತುತೀನಿ" ಎಂದ. ಕಣ್ಣು ಕಾಣದವರ ಜೊತೆ ಒಬ್ಬರು ಹೋಗಲು ಅವಕಾಶ ಇದೆ, ಅದಕ್ಕೊಂದು ಫಾರಂ ತುಂಬಬೇಕು. ನಾನು ಫಾರಂ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಅವನ ಕೈ ಕೊಡವಿಕೊಂಡಳು. "ನಂಗೆ ಕಾಣ್ತೈತೆ. ನೀನು ಆಚೆ ನಿಂತ್ಕ." ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದಳು. ಎಡಗೈ ತೋರುಬೆರಳು ಮುಂದೆ ಹಿಡಿದಳು. ಆ ಬೆರಳಿನ ಉಗುರು ಯಾವತ್ತೋ ಅರ್ಧ ಕತ್ತರಿಸಿ ಹೋಗಿತ್ತು, ಶಾಯಿಯನ್ನು ಎಲ್ಲಿ ಹಚ್ಚುವುದು ಎಂದು ನಮ್ಮ ಸಿಬ್ಬಂದಿ ಒಂದು ಕ್ಷಣ ತಡವರಿಸಿದ. ಅವಳು ರಟ್ಟಿನ ಮರೆಯ ಹಿಂದೆ ಹೋಗಿ ಬಹಳ ಹೊತ್ತು ನಿಂತಳು. ಹೊರಗಿನ ಸಾಲು ಗೊಣಗತೊಡಗಿತು. ಕೊನೆಗೂ ಬೀಪ್ ಬಂತು. ವಿವಿಪ್ಯಾಟಿನಲ್ಲಿ ಏಳು ಸೆಕೆಂಡು ಚೀಟಿ ಕಾಣುತ್ತದೆ, ಅದು ಬಿದ್ದುಹೋದ ಮೇಲೂ ಅವಳು ನಿಂತೇ ಇದ್ದಳು. ಹೊರಗೆ ಬಂದಾಗ ಅಜ್ಜ ಕೇಳಿದ, "ಒತ್ತಿದ್ಯಾ?" ಅವಳು ಸೆರಗು ಸರಿ ಮಾಡಿಕೊಂಡು, "ಒತ್ತಿದೆ ನಡಿ" ಎಂದಳು.

ಆ ರಟ್ಟಿನ ಮರೆ, ಸೀಲು, ಸಹಿ, ಇದೆಲ್ಲ ಬಲವಂತ ಮಾಡುವ ಗೌಡನಿಂದ, ದುಡ್ಡು ಹಂಚುವವನಿಂದ ಓಟನ್ನು ಕಾಪಾಡಲಿಕ್ಕೆ ಎಂದು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಗಂಡ ಹೆಂಡತಿ ಒಟ್ಟಿಗೆ ನಡೆದುಕೊಂಡು ಮನೆಗೆ ಹೋಗಲಿಕ್ಕೂ ಅದು ಬೇಕು ಎಂದು ಅವತ್ತು ಅನ್ನಿಸಿತು. ದೊಡ್ಡಪ್ಪನಿಗೆ, ಅಪ್ಪಾಜಿಗೆ, ಚಿಕ್ಕಪ್ಪನಿಗೆ, ತಮ್ಮನಿಗೆ, ನಮ್ಮ ಮನೆಯ ಗಂಡಸರಿಗೆ ಆ ಮರೆ ಯಾವತ್ತೂ ಬೇಕಾಗಿಲ್ಲ. ಓಟು ಹಾಕುವುದಕ್ಕೆ ಆರು ತಿಂಗಳು ಮೊದಲೇ ಊರಿಗೆಲ್ಲ ಹೇಳಿರುತ್ತಾರೆ. ಹೆಂಗಸರು ಬೇರೆಯೇನೋ ಮಾಡಿಕೊಂಡು ಬಂದಿದ್ದಾರೆ. ಜೂನ್ 4ರ 317 ಮೆಸೇಜಿನಲ್ಲಿ ಅಮ್ಮನದ್ದು ಒಂದೇ, ಮಧ್ಯಾಹ್ನ ಒಂದೂವರೆಗೆ, ಧ್ವನಿಯಲ್ಲಿ ಕಳಿಸಿದ್ದು: "ಎಲ್ಲರೂ ಊಟ ಮಾಡ್ರಿ ಮೊದ್ಲು." ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಜೂನ್ 29ರ ರಾತ್ರಿ ಟಿ20 ವಿಶ್ವಕಪ್ ಫೈನಲ್ಲು. ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಭಾರತ ಏಳು ರನ್ನಿನಿಂದ ಗೆದ್ದಿತು. ಆ ಗದ್ದಲದಲ್ಲಿ ತಮ್ಮ ಚಿಕ್ಕಪ್ಪನನ್ನು ಮತ್ತೆ ಗ್ರೂಪಿಗೆ ಸೇರಿಸಿದ. ಚಿಕ್ಕಪ್ಪ ಎರಡು ನಿಮಿಷ ಬಿಟ್ಟು ಒಂದು ಬಾವುಟ ಹಾಕಿದರು. ತಮ್ಮ ಎರಡು ಬಾವುಟ ಹಾಕಿದ. ಕ್ರಿಕೆಟ್ಟು ಮನೆ ಒಂದು ಮಾಡಿತು ಎಂದು ಬರೆದರೆ ಓದಲಿಕ್ಕೆ ಚೆನ್ನಾಗಿರುತ್ತದೆ. ನಿಜ ಅದಲ್ಲ. ಚಿಕ್ಕಪ್ಪ ಗ್ರೂಪು ಬಿಟ್ಟಿದ್ದರು, ನಮ್ಮನೆ ಉಪ್ಪಿನಕಾಯಿ ಬಿಟ್ಟಿರಲಿಲ್ಲ. ಜೂನ್ ಎರಡನೇ ವಾರವೇ ಅಮ್ಮನಿಗೆ ಫೋನ್ ಮಾಡಿ, "ಅತ್ತಿಗೆ, ಈ ಸಲ ಮಾವಿನಕಾಯಿ ಹಾಕಿದ್ರಾ" ಎಂದು ಕೇಳಿದ್ದರು. ತಮ್ಮನ ಮಾತೂ ಬಂದಿಲ್ಲ, ಮೋದಿಯ ಮಾತೂ ಬಂದಿಲ್ಲ, ಖಾರ ಸ್ವಲ್ಪ ಜಾಸ್ತಿ ಇರಲಿ ಎಂಬ ಮಾತು ಬಂದಿದೆ.

ಮೊನ್ನೆ ಭಾನುವಾರ ಹರಿಹರಕ್ಕೆ ಹೋಗುವವರು ಯಾರೋ ಇದ್ದರು. ಅಮ್ಮ ಭರಣಿಯಿಂದ ಬಾಟಲಿಗೆ ಉಪ್ಪಿನಕಾಯಿ ತುಂಬುತ್ತಿದ್ದಳು. ನಾನು ಬಾಟಲಿ ಹಿಡಿದುಕೊಂಡಿದ್ದೆ. ಅಪ್ಪಾಜಿ ಹೊರಗೆ ಪೇಪರು ಓದುತ್ತಿದ್ದರು. ದನಿ ತಗ್ಗಿಸಿ ಕೇಳಿದೆ.

"ಅಮ್ಮಾ, ನಿಜ ಹೇಳು. ನೀನು ಯಾರಿಗೆ ಹಾಕಿದೆ?"

ಅಮ್ಮ ಸೌಟು ಎತ್ತಿದವಳು ಹಾಗೇ ನನ್ನ ಮುಖ ನೋಡಿದಳು.

"ನೀನು ಅಲ್ಲಿ ಕೂತು ಎಣಿಸಿದ್ಯಲ್ಲ, ಅದರಾಗೆ ಇತ್ತು ನಂದೂ" ಎಂದಳು. "ಬಾಟ್ಲಿ ಬಾಯಿ ಸರಿಯಾಗಿ ಒರೆಸು. ನೀರಿದ್ರೆ ಬೂಸ್ಟು ಬರುತ್ತೆ."